ಹೋಮ್ಸ್ ವೇಷದೊಳಗಿನ ಮನುಷ್ಯ

ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ ಸಂಸ್ಥೆಯು ನಿರ್ಮಿಸಿದ ಷೆರ್ಲಾಕ್ ಹೋಮ್ಸ್ ಧಾರಾವಾಹಿಯ 41 ಕಂತುಗಳನ್ನು ಕ್ರಮವಾಗಿ ನೋಡುತ್ತಾ ಹೋದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. 1984ರ ಏಪ್ರಿಲ್ 24ರಂದು ಪ್ರಸಾರವಾದ ಮೊದಲ ಕಂತಿನಲ್ಲಿ ಕಾಣುವ ಹೋಮ್ಸ್ ಬೆತ್ತದಂತೆ ತೆಳ್ಳಗಿದ್ದಾನೆ. ಕುರ್ಚಿಯಿಂದ ಚಿಮ್ಮಿ ಏಳುತ್ತಾನೆ, ನೆಲದ ಮೇಲೆ ಅಂಗಾತ ಬಿದ್ದು ಸುಳಿವು ಹುಡುಕುತ್ತಾನೆ. 1994ರ ಏಪ್ರಿಲ್ 11ರಂದು ಪ್ರಸಾರವಾದ ಕೊನೆಯ ಕಂತಿನ ಹೋಮ್ಸನ ಮುಖ ಊದಿಕೊಂಡಿದೆ, ಮೈ ಭಾರವಾಗಿದೆ, ಮಾತಿನ ನಡುವೆ ಉಸಿರು ತುಂಡಾಗುತ್ತದೆ. ಪಾತ್ರ ಅದೇ, ಪಾತ್ರಧಾರಿಯೂ ಅದೇ. ನಡುವೆ ಕಳೆದದ್ದು ಹತ್ತೇ ವರ್ಷ.

ನಿವೃತ್ತಿಯ ನಂತರ ಈ ಕಂತುಗಳನ್ನು ಒಂದೊಂದಾಗಿ ನೋಡಿ ಮುಗಿಸಿದ ನಾನು ಆ ಹತ್ತು ವರ್ಷಗಳಲ್ಲಿ ಆದದ್ದೇನು ಎಂದು ಹುಡುಕಲು ಹೊರಟೆ. ಸಿಕ್ಕಿದ ಉತ್ತರ ಹೋಮ್ಸನ ಯಾವ ಕಥೆಗಿಂತಲೂ ಹೆಚ್ಚು ಕಾಲ ನನ್ನನ್ನು ಕಾಡಿತು. ಆ ಪಾತ್ರಧಾರಿಯ ಹೆಸರು ಜೆರೆಮಿ ಬ್ರೆಟ್. ಅವರು ತೀರಿಕೊಂಡು ಮೂರು ದಶಕ ಸಂದಿದ್ದರೂ ಹೋಮ್ಸ್ ಎಂದೊಡನೆ ಇಂದಿಗೂ ಅಸಂಖ್ಯಾತ ವೀಕ್ಷಕರ ಕಣ್ಮುಂದೆ ಬರುವುದು ಅವರ ಮುಖವೇ.

ಬ್ರೆಟ್ ಎಂಬುದು ಅವರ ಮನೆತನದ ಹೆಸರಲ್ಲ. 1933ರ ನವೆಂಬರ್ 3ರಂದು ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತ್ಯದ ಬರ್ಕ್ಸ್‌ವೆಲ್ ಗ್ರಾಮದಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಪೀಟರ್ ಜೆರೆಮಿ ವಿಲಿಯಂ ಹಗಿನ್ಸ್. ತಂದೆ ಸೇನಾಧಿಕಾರಿ, ತಾಯಿ ಚಾಕೊಲೇಟ್ ಉದ್ಯಮಕ್ಕೆ ಹೆಸರಾದ ಕ್ಯಾಡ್ಬರಿ ಮನೆತನಕ್ಕೆ ಸಂಬಂಧಪಟ್ಟವರು. ನಾಲ್ವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಶ್ರೀಮಂತರ ಮಕ್ಕಳು ಓದುವ ಈಟನ್ ಶಾಲೆಗೆ ಇವರೂ ಸೇರಿದರು. ಆದರೆ ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಡಿಸ್ಲೆಕ್ಸಿಯಾ ಇದ್ದುದರಿಂದ ಓದಿನಲ್ಲಿ ಹಿಂದೆ ಬಿದ್ದರು. ಅಲ್ಲಿ ಅವರ ಕೈ ಹಿಡಿದದ್ದು ಶಾಲೆಯ ಗಾಯನ ವೃಂದ ಮಾತ್ರ. ಇದರ ಜೊತೆಗೆ ರ ಕಾರ ಸರಿಯಾಗಿ ಹೊರಡದ ಉಚ್ಚಾರಣಾ ದೋಷವೂ ಇತ್ತು. ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಯಿತಾದರೂ, ನಾಲಿಗೆಯನ್ನು ಪಳಗಿಸುವ ಅಭ್ಯಾಸವನ್ನು ಅವರು ಜೀವನಪರ್ಯಂತ ದಿನವೂ ತಪ್ಪದೆ ಮಾಡುತ್ತಿದ್ದರು. ಹೋಮ್ಸನ ಬಾಯಲ್ಲಿ ಚಾಕುವಿನಂತೆ ಹರಿತವಾಗಿ ಬರುವ ಒಂದೊಂದು ಶಬ್ದದ ಹಿಂದೆಯೂ ಈ ನಿತ್ಯದ ದುಡಿಮೆ ಇದೆ.

ಹದಿಹರೆಯದಲ್ಲಿ ಬಂದ ರುಮಾಟಿಕ್ ಜ್ವರ ಅವರ ಹೃದಯದ ಕವಾಟಗಳಲ್ಲಿ ಶಾಶ್ವತವಾದ ಕಲೆ ಉಳಿಸಿ ಹೋಯಿತು. ಆಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಮುಂದೆ ನಾಲ್ಕು ದಶಕಗಳ ನಂತರ ಆ ಹೃದಯವೇ ಲೆಕ್ಕ ಚುಕ್ತಾ ಮಾಡಿಕೊಂಡಿತು.

ಮಗ ನಟನಾಗುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ರಂಗದ ಮೇಲೆ ಕುಣಿಯುವವನಿಗೆ ಹಗಿನ್ಸ್ ಮನೆತನದ ಹೆಸರು ಬೇಡವೆಂದು ಅವರು ಪಟ್ಟು ಹಿಡಿದರು. ಮಗ ತನ್ನ ಸೂಟಿನ ಒಳಗೆ ಹೊಲಿದಿದ್ದ ದರ್ಜಿ ಅಂಗಡಿಯ ಪಟ್ಟಿಯಲ್ಲಿದ್ದ ಬ್ರೆಟ್ ಎಂಬ ಹೆಸರನ್ನೇ ತನ್ನದಾಗಿಸಿಕೊಂಡರೆಂದು ಹೇಳುತ್ತಾರೆ. ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾದಲ್ಲಿ ತರಬೇತಿ ಪಡೆದು, 1954ರಲ್ಲಿ ಮ್ಯಾಂಚೆಸ್ಟರಿನ ಲೈಬ್ರರಿ ಥಿಯೇಟರಿನಲ್ಲಿ ವೃತ್ತಿ ಆರಂಭಿಸಿದರು. ಮೂವತ್ತು ವರ್ಷಗಳ ನಂತರ ಕೀರ್ತಿಯ ಶಿಖರಕ್ಕೇರಿದ್ದೂ ಅದೇ ಊರಿನ ಸ್ಟುಡಿಯೋದಲ್ಲಿ.

ನಡುವಿನ ಆ ಮೂವತ್ತು ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. 1956ರ ‘ವಾರ್ ಅಂಡ್ ಪೀಸ್’ ಚಿತ್ರದಲ್ಲಿ ಆಡ್ರಿ ಹೆಪ್‌ಬರ್ನ್ ಅವರ ಅಣ್ಣನ ಪಾತ್ರ. 1964ರ ‘ಮೈ ಫೇರ್ ಲೇಡಿ’ಯಲ್ಲಿ ಅದೇ ನಟಿಯ ಬೆನ್ನುಹತ್ತುವ ಪ್ರೇಮಿ ಫ್ರೆಡ್ಡಿ. ಬ್ರೆಟ್ ಸ್ವತಃ ಒಳ್ಳೆಯ ಹಾಡುಗಾರರಾಗಿದ್ದರೂ ಆ ಚಿತ್ರದ ಹಾಡಿಗೆ ಬೇರೊಬ್ಬರ ಕಂಠ ಬಳಸಲಾಯಿತು. ಅರವತ್ತರ ದಶಕದ ಕೊನೆಯಲ್ಲಿ ಲಾರೆನ್ಸ್ ಒಲಿವಿಯೆ ಮುನ್ನಡೆಸುತ್ತಿದ್ದ ನ್ಯಾಷನಲ್ ಥಿಯೇಟರಿನಲ್ಲಿ ದುಡಿದರು. ರೂಪವಂತ, ಕುಲೀನ, ಪ್ರಣಯಿ ಎಂಬ ಮುದ್ರೆ ಅವರ ಮೇಲೆ ಬಿದ್ದಿತ್ತು. ಅಂತಹ ಮುದ್ರೆ ಬಿದ್ದ ನಟನಿಗೆ ವಯಸ್ಸು ನಲವತ್ತು ದಾಟಿದೊಡನೆ ಅವಕಾಶಗಳು ಕಡಿಮೆಯಾಗುವುದು ಎಲ್ಲ ದೇಶಗಳ ರಂಗಭೂಮಿಯಲ್ಲೂ ಕಾಣುವ ಸಂಗತಿ.

ಖಾಸಗಿ ಬದುಕೂ ನೇರವಾಗಿ ಸಾಗಲಿಲ್ಲ. 1958ರಲ್ಲಿ ನಟಿ ಆ್ಯನಾ ಮ್ಯಾಸಿ ಅವರನ್ನು ವಿವಾಹವಾದರು, ಮರುವರ್ಷ ಮಗ ಹುಟ್ಟಿದ, 1962ರಲ್ಲಿ ವಿಚ್ಛೇದನವಾಯಿತು. ಮಗ ಹುಟ್ಟಿದ ವರ್ಷವೇ ಅವರ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡರು. ಒಂದು ಸ್ವಾರಸ್ಯದ ಸಂಗತಿಯನ್ನು ಇಲ್ಲಿ ಹೇಳಬೇಕು. ಆ್ಯನಾ ಅವರ ತಂದೆ ರೇಮಂಡ್ ಮ್ಯಾಸಿ 1931ರ ‘ದಿ ಸ್ಪೆಕಲ್ಡ್ ಬ್ಯಾಂಡ್’ ಚಲನಚಿತ್ರದಲ್ಲಿ ಹೋಮ್ಸ್ ಪಾತ್ರ ವಹಿಸಿದ್ದವರು. ಮಾವನ ವೇಷ ಮುಂದೊಂದು ದಿನ ಅಳಿಯನ ಪಾಲಿಗೂ ಬರುವುದೆಂದು ಆಗ ಯಾರೂ ಊಹಿಸಿರಲಾರರು. ಎಪ್ಪತ್ತರ ದಶಕದಲ್ಲಿ ಬ್ರೆಟ್ ಅಮೆರಿಕಕ್ಕೆ ಹೋದರು. ಅಲ್ಲಿ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಸಾರ್ವಜನಿಕ ವಾಹಿನಿಯ ಮೂಲಕ ಬ್ರಿಟಿಷ್ ಧಾರಾವಾಹಿಗಳನ್ನು ಅಮೆರಿಕನ್ನರಿಗೆ ಪರಿಚಯಿಸುತ್ತಿದ್ದ ನಿರ್ಮಾಪಕಿ ಜೋನ್ ವಿಲ್ಸನ್ ಅವರ ಬಾಳಸಂಗಾತಿಯಾದರು. 1980ರಲ್ಲಿ ಲಾಸ್ ಏಂಜಲಿಸ್‌ನ ಒಂದು ನಾಟಕದಲ್ಲಿ ಚಾರ್ಲ್ಟನ್ ಹೆಸ್ಟನ್ ಹೋಮ್ಸ್ ಆದರೆ ಬ್ರೆಟ್ ಡಾಕ್ಟರ್ ವಾಟ್ಸನ್ ಆಗಿದ್ದರು.

ಇನ್ನು ಗ್ರನಾಡಾದ ವಿಚಾರ. ಕರ್ತೃ ಆರ್ಥರ್ ಕಾನನ್ ಡಾಯ್ಲ್ 1930ರಲ್ಲಿ ನಿಧನರಾದರು. ಅಂದಿನ ಬ್ರಿಟಿಷ್ ಕಾನೂನಿನಂತೆ ಐವತ್ತು ವರ್ಷಗಳ ನಂತರ, ಅಂದರೆ 1980ರ ಕೊನೆಗೆ, ಆ ದೇಶದಲ್ಲಿ ಅವರ ಕೃತಿಗಳ ಹಕ್ಕುಸ್ವಾಮ್ಯ ತೀರಿತು. ಹೋಮ್ಸನನ್ನು ಹೇಗೆ ಬೇಕಾದರೂ ಬಳಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ದೊರೆಯಿತು. ಗ್ರನಾಡಾದ ನಿರ್ಮಾಪಕ ಮೈಕಲ್ ಕಾಕ್ಸ್ ಆ ಸ್ವಾತಂತ್ರ್ಯವನ್ನು ಬಳಸಿದ ರೀತಿ ವಿಚಿತ್ರವಾಗಿತ್ತು. ಮೂಲಕ್ಕೆ ಸಾಧ್ಯವಾದಷ್ಟೂ ನಿಷ್ಠವಾಗಿರುವ ಧಾರಾವಾಹಿಯೊಂದನ್ನು ಮಾಡಲು ಅವರು ನಿರ್ಧರಿಸಿದರು. ಹೋಮ್ಸ್ ಮತ್ತು ವಾಟ್ಸನ್ ಹೇಗೆ ಕೂರುತ್ತಾರೆ, ಏನು ತಿನ್ನುತ್ತಾರೆ, ಯಾವ ಪೈಪು ಸೇದುತ್ತಾರೆ ಎಂಬುದನ್ನೆಲ್ಲ ಕಥೆಗಳಿಂದ ಹೆಕ್ಕಿ 77 ಪುಟಗಳ ಒಂದು ಕೈಪಿಡಿ ಸಿದ್ಧವಾಯಿತು. ಮ್ಯಾಂಚೆಸ್ಟರಿನ ಸ್ಟುಡಿಯೋ ಆವರಣದಲ್ಲಿ ವಿಕ್ಟೋರಿಯಾ ಕಾಲದ ಬೇಕರ್ ಸ್ಟ್ರೀಟ್ ಮೇಲೆದ್ದಿತು. ‘ದಿ ಸ್ಟ್ರ್ಯಾಂಡ್’ ಪತ್ರಿಕೆಗೆ ಸಿಡ್ನಿ ಪ್ಯಾಜೆಟ್ ಬರೆದಿದ್ದ ಚಿತ್ರಗಳನ್ನು ಎದುರಿಗಿಟ್ಟುಕೊಂಡು ದೃಶ್ಯಗಳನ್ನು ಜೋಡಿಸಲಾಯಿತು. ವಾಣಿಜ್ಯ ಜಾಹೀರಾತಿನ ಹಣದಿಂದ ನಡೆಯುವ ಸಂಸ್ಥೆಯೊಂದು ಇಷ್ಟು ತಾಳ್ಮೆ, ಇಷ್ಟು ವೆಚ್ಚ ಭರಿಸಿತೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಗಮನಿಸದೆ ಇರಲಾರೆ.

ಬ್ರೆಟ್ ಮೊದಲು ಹಿಂಜರಿದರು. ಅದುವರೆಗೆ ಬಂದಿದ್ದ ಹೋಮ್ಸರ ಸಂಖ್ಯೆ ಕಡಿಮೆಯಿರಲಿಲ್ಲ. ಒಪ್ಪಿಕೊಂಡ ಮೇಲೆ ಮಾತ್ರ ಅವರು ಯಾರಿಗೂ ಕಡಿಮೆಯಾಗದ ಶಿಸ್ತಿನಿಂದ ಕಥೆಗಳನ್ನು ಓದಿದರು. ಚಿತ್ರಕಥೆ ಎಲ್ಲಾದರೂ ಮೂಲವನ್ನು ಬಿಟ್ಟು ಸರಿದರೆ ಡಾಯ್ಲ್ ಪುಸ್ತಕ ಕೈಯಲ್ಲಿ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದರು. ಓದು ಕಷ್ಟವಾಗಿದ್ದ ಹುಡುಗ ಐವತ್ತರ ವಯಸ್ಸಿನಲ್ಲಿ ಪಠ್ಯದ ಕಾವಲುಗಾರನಾದದ್ದು ಸಣ್ಣ ಸಂಗತಿಯಲ್ಲ. ಹೋಮ್ಸ್ ಎಂದರೆ ಲೆಕ್ಕ ಹಾಕುವ ಯಂತ್ರ ಎಂಬ ರೂಢಿಯ ಚಿತ್ರವನ್ನು ಅವರು ಒಡೆದರು. ಅವರ ಹೋಮ್ಸ್ ಕೆಲಸವಿಲ್ಲದ ದಿನ ಕುಸಿಯುತ್ತಾನೆ, ಕೆಲಸ ಸಿಕ್ಕಿದೊಡನೆ ಕಿಡಿಯಾಗುತ್ತಾನೆ. ತನ್ನ ಏಕಾಂತಕ್ಕೆ ತಾನೇ ಹೆದರುವ ಅವನು ವಾಟ್ಸನ್ ಎಂಬ ಒಬ್ಬನೇ ಸ್ನೇಹಿತನ ಆಸರೆಯಲ್ಲಿ ಬದುಕುತ್ತಾನೆ.

ಆ ವಾಟ್ಸನ್ ಪಾತ್ರವನ್ನು ಮೊದಲ 13 ಕಂತುಗಳಲ್ಲಿ ವಹಿಸಿದವರು ಡೇವಿಡ್ ಬರ್ಕ್. ಅಲ್ಲಿಯವರೆಗೆ ಸಿನಿಮಾಗಳಲ್ಲಿ ನಗೆಪಾಟಲಿಗೆ ಗುರಿಯಾಗಿದ್ದ ವಾಟ್ಸನ್‌ನನ್ನು ಅವರು ಬುದ್ಧಿವಂತ, ಸಭ್ಯ ವೈದ್ಯನನ್ನಾಗಿ ಮರಳಿ ನಿಲ್ಲಿಸಿದರು. ಚಿಕ್ಕ ಮಗನೊಂದಿಗೆ ಹೆಚ್ಚು ಕಾಲ ಕಳೆಯಬೇಕೆಂದು ಅವರು ಧಾರಾವಾಹಿಯನ್ನು ಬಿಟ್ಟರು. ಆ ಮಗ ಟಾಮ್ ಬರ್ಕ್ ಮುಂದೆ ‘ಸ್ಟ್ರೈಕ್’ ಧಾರಾವಾಹಿಯಲ್ಲಿ ತಾನೇ ಪತ್ತೇದಾರನಾದದ್ದು ಬೇರೆ ಕಥೆ. ಬರ್ಕ್ ಅವರ ಸ್ಥಾನಕ್ಕೆ ಬಂದವರು ಎಡ್ವರ್ಡ್ ಹಾರ್ಡ್‌ವಿಕ್. ಹೆಸರಾಂತ ನಟ ಸೆಡ್ರಿಕ್ ಹಾರ್ಡ್‌ವಿಕ್ ಅವರ ಮಗನಾದ ಇವರು ಮಿತಭಾಷಿ, ಸೌಮ್ಯ ಸ್ವಭಾವದವರು. ತೆರೆಯ ಮೇಲಿನ ಗೆಳೆತನ ತೆರೆಯ ಹೊರಗೂ ಬೇಕಾಗುವ ಕಾಲ ಅಷ್ಟರಲ್ಲಿ ಹತ್ತಿರ ಬಂದಿತ್ತು.

1985ರ ಜುಲೈನಲ್ಲಿ ಜೋನ್ ವಿಲ್ಸನ್ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹೋಮ್ಸ್ ಸ್ವಿಟ್ಜರ್ಲೆಂಡಿನ ರೈಕನ್‌ಬಾಕ್ ಜಲಪಾತಕ್ಕೆ ಬಿದ್ದು ಸಾಯುವಂತೆ ತೋರುವ ಕಂತು ಪ್ರಸಾರವಾಯಿತು. ಕಥೆಯಲ್ಲಿ ಹೋಮ್ಸ್ ಮರಳಿ ಬರಬೇಕಿತ್ತು. ಬ್ರೆಟ್ ಶೋಕವನ್ನು ಒಳಗೇ ಅದುಮಿಕೊಂಡು ಕೆಲಸಕ್ಕೆ ಮರಳಿದರು, ಬೆಳಗಿನಿಂದ ರಾತ್ರಿಯವರೆಗೆ ದುಡಿದರು. 1986ರಲ್ಲಿ ಅವರ ಮನಸ್ಸು ಮುರಿದು ಬಿದ್ದಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ವೈದ್ಯರು ಆ ಕಾಲದಲ್ಲಿ ಮ್ಯಾನಿಕ್ ಡಿಪ್ರೆಷನ್ ಎಂದೂ ಈಗ ಬೈಪೋಲಾರ್ ಎಂದೂ ಕರೆಯುವ ಕಾಯಿಲೆಯನ್ನು ಗುರುತಿಸಿದರು. ನಿದ್ರೆಯಿಲ್ಲದ, ಹಣ ಚೆಲ್ಲುವ, ಲೋಕವನ್ನೇ ಗೆಲ್ಲುವೆನೆಂಬ ಉನ್ಮಾದದ ದಿನಗಳು. ಅವುಗಳ ಬೆನ್ನಿಗೇ ಹಾಸಿಗೆಯಿಂದ ಏಳಲಾರದ ಖಿನ್ನತೆಯ ದಿನಗಳು. ಈ ಎರಡರ ನಡುವೆ ಮನುಷ್ಯನನ್ನು ತೂಗಿ ದಣಿಸುವ ಕಾಯಿಲೆ ಅದು. ತಾರುಣ್ಯದಿಂದಲೂ ಅದರ ನೆರಳು ಅವರ ಮೇಲಿತ್ತೆಂದು ನಂತರ ಅರ್ಥವಾಯಿತು.

ಚಿಕಿತ್ಸೆಗೆ ಲಿಥಿಯಂ ಕೊಟ್ಟರು. ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಇದು ಮದ್ದೆಂದು ತೋರಿಸಿದ ಮೇಲೆ ಲಕ್ಷಾಂತರ ಜನರನ್ನು ಬದುಕಿಸಿದ ಲವಣ ಅದು. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಬ್ರೆಟ್ ಅವರ ಮೈಯಲ್ಲಿ ನೀರು ತುಂಬಿಕೊಂಡಿತು, ತೂಕ ಏರಿತು, ಚಲನೆ ನಿಧಾನವಾಯಿತು. ಬಾಲ್ಯದಲ್ಲೇ ಗಾಯಗೊಂಡಿದ್ದ ಹೃದಯ ಹಿಗ್ಗಿತ್ತು. ಸಿಗರೇಟಿನ ಚಟ ಬೇರೆ ಇತ್ತು. ತೆಳ್ಳನೆಯ ಹೋಮ್ಸನನ್ನು ಕಂಡಿದ್ದ ಕ್ಯಾಮೆರಾ ಇದನ್ನೆಲ್ಲ ಮುಚ್ಚಿಡಲಿಲ್ಲ.

ಇಷ್ಟಾದರೂ ಅವರು ಪಾತ್ರವನ್ನು ಬಿಡಲಿಲ್ಲ. ಹಾರ್ಡ್‌ವಿಕ್ ಜೊತೆಯಲ್ಲಿ ಇಬ್ಬರೇ ನಟರ ನಾಟಕವೊಂದನ್ನು 1988ರಿಂದ ಲಂಡನ್ನಿನ ವಿಂಡಮ್ಸ್ ರಂಗಮಂದಿರದಲ್ಲಿ ಸುಮಾರು ಒಂದು ವರ್ಷ ಕಾಲ ಆಡಿದರು. ಅದೇ 1988ರಲ್ಲಿ ಪ್ರಸಾರವಾದ ‘ದಿ ಡೆವಿಲ್ಸ್ ಫುಟ್’ ಕಂತಿನಲ್ಲಿ ಹೋಮ್ಸನ ಕೂದಲು ಇದ್ದಕ್ಕಿದ್ದಂತೆ ತುಂಡಾಗಿ ಕಾಣುತ್ತದೆ; ಅದನ್ನು ಕತ್ತರಿಸಿಕೊಂಡವರು ಸ್ವತಃ ಬ್ರೆಟ್. ಕಥೆಯಲ್ಲಿ ಹೋಮ್ಸ್ ದಣಿದು ವಿಶ್ರಾಂತಿಗಾಗಿ ಕಾರ್ನ್‌ವಾಲ್ ಕಡಲತೀರಕ್ಕೆ ಹೋಗಿರುತ್ತಾನೆ. ತನ್ನ ಧಾರಾವಾಹಿಯನ್ನು ಮಕ್ಕಳೂ ನೋಡುತ್ತಾರೆಂದು ತಿಳಿದಿದ್ದ ಬ್ರೆಟ್, ಹೋಮ್ಸ್ ಕೊಕೇನ್ ಚಟವನ್ನು ತೊರೆಯುವ ದೃಶ್ಯವೊಂದು ಬೇಕೆಂದು ಬಯಸಿದರು. ಅದು ಮೂಲದಲ್ಲಿಲ್ಲ. ಆದುದರಿಂದ ಡಾಯ್ಲ್ ಅವರ ಮಗಳು ಜೀನ್ ಕಾನನ್ ಡಾಯ್ಲ್ ಅವರ ಒಪ್ಪಿಗೆ ಕೇಳಿ ಪಡೆದರು. ತೆರೆಯ ಮೇಲೆ ಹೋಮ್ಸ್ ತನ್ನ ಸಿರಿಂಜನ್ನು ಮರಳಿನಲ್ಲಿ ಹೂಳುತ್ತಾನೆ. ಪಠ್ಯನಿಷ್ಠೆಗೆ ಪಟ್ಟು ಹಿಡಿಯುತ್ತಿದ್ದ ನಟ ಪಠ್ಯವನ್ನು ಮೀರಲು ಅನುಮತಿ ಬೇಡಿದ್ದು ಇಂತಹ ಕಾರಣಕ್ಕೆ.

ತೊಂಬತ್ತರ ದಶಕದಲ್ಲಿ ಹೊರಗಿನ ಗಾಳಿಯೂ ಬದಲಾಯಿತು. 1990ರ ಪ್ರಸಾರ ಕಾಯಿದೆಯ ಮೇರೆಗೆ ಬ್ರಿಟನ್ನಿನ ಖಾಸಗಿ ವಾಹಿನಿಗಳ ಪರವಾನಗಿಯನ್ನು ಹರಾಜಿಗೆ ಇಡಲಾಯಿತು. ಗ್ರನಾಡಾ ತನ್ನ ಪರವಾನಗಿ ಉಳಿಸಿಕೊಂಡಿತಾದರೂ ಅದರ ಹಳೆಯ ಮುಖ್ಯಸ್ಥ ಡೇವಿಡ್ ಪ್ಲೋರೈಟ್ 1992ರಲ್ಲಿ ಹೊರನಡೆಯಬೇಕಾಯಿತು. ಆಡಳಿತ ಹಿಡಿದವರು ಊಟೋಪಚಾರದ ಉದ್ಯಮದಿಂದ ಬಂದವರು. ‘ಇನ್‌ಸ್ಪೆಕ್ಟರ್ ಮೋರ್ಸ್’ ಯಶಸ್ಸು ಕಂಡಿದ್ದರಿಂದ ಎರಡು ಗಂಟೆಯ ಕಂತುಗಳೇ ಬೇಕೆಂಬ ಬೇಡಿಕೆ ಹುಟ್ಟಿತ್ತು. ಸಣ್ಣ ಕಥೆಗಳನ್ನು ಎಳೆದು ಹಿಗ್ಗಿಸಿದ ಪರಿಣಾಮವಾಗಿ 1993ರ ಕೆಲವು ಕಂತುಗಳಲ್ಲಿ ಡಾಯ್ಲ್ ಗುರುತು ಸಿಗದಂತಾದರು. ತಾನು ಕಾದುಕೊಂಡು ಬಂದಿದ್ದ ನಿಷ್ಠೆ ಸಡಿಲವಾದದ್ದು ಬ್ರೆಟ್ ಅವರಿಗೆ ಕಾಯಿಲೆಯಷ್ಟೇ ನೋವು ಕೊಟ್ಟಿರಬೇಕು.

1994ರ ಕೊನೆಯ ಸರಣಿಯ ಆರು ಕಂತುಗಳು ಮತ್ತೆ ಒಂದು ಗಂಟೆಯ ಅಳತೆಗೆ ಮರಳಿದವು. ಅಷ್ಟರಲ್ಲಿ ಅವರ ಶಕ್ತಿ ಕುಂದಿತ್ತು. ಒಂದು ಕಂತಿನ ಚಿತ್ರೀಕರಣಕ್ಕೆ ಅವರು ಬರಲಾರದೆ ಹೋದಾಗ ಹೋಮ್ಸನ ಅಣ್ಣ ಮೈಕ್ರಾಫ್ಟ್‌ನ ಪಾತ್ರಧಾರಿ ಚಾರ್ಲ್ಸ್ ಗ್ರೇ ಆ ಭಾರವನ್ನು ಹೊತ್ತರು. ಕೆಲಸ ನಿಲ್ಲಲಿಲ್ಲ, ಬ್ರೆಟ್ ಅವರನ್ನು ತೆಗೆದು ಬೇರೊಬ್ಬರನ್ನು ಹಾಕಲೂ ಇಲ್ಲ. ತಂಡದ ಪ್ರತಿಯೊಬ್ಬರ ಹೆಸರನ್ನೂ ನೆನಪಿಟ್ಟು ಮಾತನಾಡಿಸುತ್ತಿದ್ದ ಮನುಷ್ಯನಿಗೆ ತಂಡ ಹಾಗೆ ಋಣ ತೀರಿಸಿತು. ಡಾಯ್ಲ್ ಬರೆದ 60 ಕಥೆಗಳಲ್ಲಿ ಹೆಚ್ಚಿನವು ಅದುವರೆಗೆ ತೆರೆಗೆ ಬಂದಿದ್ದವು. ಉಳಿದವು ಉಳಿದೇ ಹೋದವು.

ಈ ಜೀವನದಲ್ಲಿ ನನಗೆ ಅತ್ಯಂತ ಧೈರ್ಯದ್ದೆಂದು ತೋರುವ ಕೆಲಸ ಕ್ಯಾಮೆರಾದ ಎದುರು ನಡೆದದ್ದಲ್ಲ. ಅಗ್ಗದ ಪತ್ರಿಕೆಗಳು ಅವರ ಬದಲಾದ ರೂಪದ ಬಗ್ಗೆ ಊಹಾಪೋಹ ಹಬ್ಬಿಸುತ್ತಿದ್ದಾಗ ಬ್ರೆಟ್ ತಮ್ಮ ಕಾಯಿಲೆಯ ಹೆಸರನ್ನು ತಾವೇ ಬಹಿರಂಗವಾಗಿ ಹೇಳಿದರು. ಮನೋವ್ಯಾಧಿಯನ್ನು ಮನೆಯ ಹಿಂದಿನ ಕೋಣೆಯಲ್ಲಿ ಬಚ್ಚಿಡುವುದು ಬ್ರಿಟನ್ನಿನಲ್ಲೂ ವಾಡಿಕೆಯಾಗಿದ್ದ ಕಾಲ ಅದು. ತಮ್ಮಂತಹ ರೋಗಿಗಳಿಗಾಗಿ ದುಡಿಯುತ್ತಿದ್ದ ಸಂಸ್ಥೆಗೆ ನೆರವು ಕೋರಿ ಬಿಬಿಸಿ ರೇಡಿಯೋದಲ್ಲಿ ಮನವಿ ಮಾಡಿದರು. 1995ರ ಸೆಪ್ಟೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್‌ನ ತಮ್ಮ ಮನೆಯಲ್ಲಿ ಹೃದಯ ವೈಫಲ್ಯದಿಂದ ಕೊನೆಯುಸಿರೆಳೆದರು. ಆಗ ಅವರಿಗೆ 61 ವರ್ಷ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಕೈಕೆಳಗೆ ಪ್ರಥಮ ದರ್ಜೆ ಸಹಾಯಕರೊಬ್ಬರಿದ್ದರು. ಕೆಲವು ವಾರ ರಾತ್ರಿ ಹತ್ತರವರೆಗೂ ಕುಳಿತು ಮೂವರು ಮಾಡುವಷ್ಟು ಕಡತಗಳನ್ನು ಒಬ್ಬರೇ ವಿಲೇವಾರಿ ಮಾಡುತ್ತಿದ್ದರು. ನಂತರ ತಿಂಗಳುಗಟ್ಟಲೆ ಕಚೇರಿಯತ್ತ ಸುಳಿಯುತ್ತಿರಲಿಲ್ಲ. ಮನೆಯವರು ಕಳುಹಿಸುತ್ತಿದ್ದ ವೈದ್ಯಕೀಯ ಪ್ರಮಾಣಪತ್ರದಲ್ಲಿ ಒಮ್ಮೆ ಕಾಮಾಲೆ ಇರುತ್ತಿತ್ತು, ಇನ್ನೊಮ್ಮೆ ಟೈಫಾಯ್ಡ್. ನಿಜವಾದ ಕಾಯಿಲೆ ಯಾವುದೆಂದು ಕಚೇರಿಯಲ್ಲಿ ಎಲ್ಲರಿಗೂ ಅಂದಾಜಿತ್ತು; ಕಾಗದದ ಮೇಲೆ ಬರೆಯಲು ಅವರ ಮನೆಯವರಿಗೆ ಅಂಜಿಕೆ, ಕೇಳಲು ನಮಗೆ ಸಂಕೋಚ. ಅನಧಿಕೃತ ಗೈರುಹಾಜರಿ ಎಂದು ಷರಾ ಬರೆದು ಇಲಾಖಾ ವಿಚಾರಣೆಗೆ ಶಿಫಾರಸು ಮಾಡಿದವನು ನಾನೇ. ಅವರು ಕಡ್ಡಾಯ ನಿವೃತ್ತಿ ಪಡೆದು ಹೋದರು. ಎಲ್ಲವೂ ನಿಯಮಬದ್ಧವಾಗಿಯೇ ನಡೆಯಿತು ಎಂದು ಬಹಳ ಕಾಲ ನಂಬಿದ್ದೆ.

ಬ್ರೆಟ್ ತೀರಿಕೊಂಡ 1995ರ ಹೆಸರಿನಲ್ಲೇ ನಮ್ಮಲ್ಲೊಂದು ಕಾಯಿದೆ ಬಂದಿತ್ತು. ಅಂಗವಿಕಲರ ಹಕ್ಕುಗಳಿಗೆ ಸಂಬಂಧಿಸಿದ ಆ ಕಾಯಿದೆಯ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇತ್ತು. ಸೇವೆಯಲ್ಲಿರುವಾಗ ಅಂತಹ ವೈಕಲ್ಯಕ್ಕೆ ಗುರಿಯಾದ ನೌಕರನನ್ನು ಕೆಲಸದಿಂದ ತೆಗೆಯಬಾರದು, ದರ್ಜೆ ಇಳಿಸಬಾರದು ಎಂದು ಅದರ 47ನೇ ಕಲಂ ವಿಧಿಸಿತ್ತು. ಷರಾ ಬರೆದ ದಿನ ನಾನು ಆ ಕಲಂ ಓದಿರಲಿಲ್ಲ. 2016ರ ಹೊಸ ಕಾಯಿದೆ ಆ ರಕ್ಷಣೆಯನ್ನು ಮುಂದುವರಿಸಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ದೊರೆಯಬೇಕೆಂದು ಹೇಳಿದೆ. ಆದರೆ ರಜೆಯ ಅರ್ಜಿಯಲ್ಲಿ ಕಾಯಿಲೆಯ ನಿಜವಾದ ಹೆಸರು ಬರೆಯುವ ಧೈರ್ಯ ನೌಕರನಿಗೂ, ಅದನ್ನು ಓದಿ ಸಹಜವಾಗಿ ಮಂಜೂರು ಮಾಡುವ ಮನಸ್ಸು ಅಧಿಕಾರಿಗೂ ಬಾರದಿದ್ದರೆ ಕಲಂಗಳು ಕಪಾಟಿನಲ್ಲಿಯೇ ಉಳಿಯುತ್ತವೆ.

ಬ್ರೆಟ್ ಅಭಿನಯಿಸಿದ ಕೊನೆಯ ಕಂತು ‘ದಿ ಕಾರ್ಡ್‌ಬೋರ್ಡ್ ಬಾಕ್ಸ್’. ಅದರ ಕೊನೆಯಲ್ಲಿ ರಹಸ್ಯವೆಲ್ಲ ಬಯಲಾದ ಮೇಲೆ, ಮನುಷ್ಯನ ಈ ಸಂಕಟಕ್ಕೆ ಏನು ಅರ್ಥ ಎಂದು ಹೋಮ್ಸ್ ವಾಟ್ಸನ್‌ನನ್ನು ಕೇಳುತ್ತಾನೆ. ಅವನ ಬಳಿ ಅದಕ್ಕೆ ಉತ್ತರವಿಲ್ಲ. ಪ್ರಶ್ನೆ ಡಾಯ್ಲ್ ಬರೆದದ್ದು. ಊದಿದ ಆ ಮುಖದಿಂದ, ತುಂಡಾಗುವ ಆ ಉಸಿರಿನಲ್ಲಿ ಅದು ಹೊರಟಾಗ ಪಾತ್ರ ಎಲ್ಲಿ ಮುಗಿಯಿತು, ಮನುಷ್ಯ ಎಲ್ಲಿ ಆರಂಭವಾದ ಎಂದು ನನಗೆ ತಿಳಿಯಲಿಲ್ಲ. ಟಿವಿ ಆರಿಸಿದ ಮೇಲೆ ನೆನಪಾದದ್ದು ಆ ಸಹಾಯಕರ ಮೇಜು, ಅದರ ಮೇಲೆ ಅಚ್ಚುಕಟ್ಟಾಗಿ ದಾರ ಕಟ್ಟಿ ಅವರು ಬಿಟ್ಟುಹೋಗಿದ್ದ ಕಡತಗಳು.